ಕಡಿಮೆ ಹಣದ ಕತ್ತಲು
ಹೆಸರಾಂತ ನ್ವಾರ್ ಚಿತ್ರಗಳನ್ನೆಲ್ಲ (ನೆರಳು-ಕತ್ತಲೆಯ ಹಳೆಯ ಹಾಲಿವುಡ್ ಅಪರಾಧ ಚಿತ್ರಗಳನ್ನು) ನೋಡಿ ಮುಗಿಸಿದವರಿಗೆ, ಎರಡನೇ ಮಹಾಯುದ್ಧದ ನಂತರದ ಅಗ್ಗದ, ಅಷ್ಟಾಗಿ ಹೆಸರಿಲ್ಲದ ಅಪರಾಧ ಚಿತ್ರಗಳಲ್ಲಿ ಹೊಸದೇನು ಸಿಗುತ್ತದೆ ಎಂದು ತಾವು ಕೇಳಿದ್ದೀರಿ. ಆಂಟನಿ ಮ್ಯಾನ್ ನಿರ್ದೇಶನದ 'ರಾ ಡೀಲ್' (1948) ಚಿತ್ರದಿಂದ ಆರಂಭಿಸಿ. ಸೆಟ್ಟಿಗೆ ಹಣ ಸಾಲದಿದ್ದ ಕಡೆ ಛಾಯಾಗ್ರಾಹಕ ಜಾನ್ ಆಲ್ಟನ್ ಕತ್ತಲೆಯನ್ನೇ ಗೋಡೆಯಾಗಿ ನಿಲ್ಲಿಸುತ್ತಾರೆ. ಇಂಥ ಚಿತ್ರಗಳಲ್ಲಿ ಸಾಮಾನ್ಯವಾಗಿ ಗಂಡಸಿನದಾಗಿರುವ ನಿರೂಪಣೆಯ ದನಿ ಇಲ್ಲಿ ಹೆಣ್ಣಿನದು. ಕೊನೆಯ ಭಾಗದಲ್ಲಿ, ಹಡಗಿನ ಕೋಣೆಯ ಗಡಿಯಾರದ ಗಾಜಿನಲ್ಲಿ ಅವಳ ಮುಖ ಮೂಡಿದಾಗ, ಸತ್ಯವನ್ನು ಬಚ್ಚಿಟ್ಟುಕೊಂಡು ನಿಮಿಷಗಳನ್ನೆಣಿಸುವ ಆಕೆಯ ತಳಮಳ ನಮ್ಮದೂ ಆಗಿಬಿಡುತ್ತದೆ. ದೊಡ್ಡ ತಾರೆಯರ ಎಷ್ಟೋ ಚಿತ್ರಗಳಿಗಿಂತ ಆ ಒಂದು ದೃಶ್ಯ ನನಗೆ ಹೆಚ್ಚು. ಆಮೇಲೆ 'ದ ನ್ಯಾರೋ ಮಾರ್ಜಿನ್' (1952) ನೋಡಿ: ಕೇವಲ 71 ನಿಮಿಷ, ಬಹುಪಾಲು ರೈಲಿನ ಇಕ್ಕಟ್ಟಿನಲ್ಲೇ, ಹಿನ್ನೆಲೆ ಸಂಗೀತಕ್ಕೆ ಬದಲಾಗಿ ಗಾಲಿಗಳ ಸದ್ದು. ಅದರ ಕಥಾಸಾರವನ್ನು ಮಾತ್ರ, ದಯವಿಟ್ಟು, ಮುಂಚಿತವಾಗಿ ಓದಬೇಡಿ.