ಜಠರದ ಕ್ಯಾನ್ಸರ್: ಅಂಚಿನಲ್ಲಿ ಕೋಶ ಉಳಿದರೆ ಆಯುಷ್ಯ ಕಡಿಮೆಯಾಗುತ್ತದೆಯೇ?

ರಾಯಚೂರಿನವರೊಬ್ಬರು ತಮ್ಮ ತಂದೆಯ ಜಠರದ ಶಸ್ತ್ರಚಿಕಿತ್ಸೆಯ ನಂತರ ಬಂದ ಪೆಥಾಲಜಿ (ಅಂಗಾಂಶ ಪರೀಕ್ಷೆ) ವರದಿಯಲ್ಲಿ ‘ಮೇಲಿನ ಅಂಚು ಪಾಸಿಟಿವ್’ ಎಂದಿರುವುದರ ಅರ್ಥವನ್ನು ಕೇಳಿದ್ದಾರೆ.

ಕತ್ತರಿಸಿದ ಅಂಚಿನಲ್ಲಿ ಸೂಕ್ಷ್ಮದರ್ಶಕಕ್ಕೂ ಕ್ಯಾನ್ಸರ್ ಕೋಶ ಕಾಣದಿದ್ದರೆ ಆರ್0, ಸೂಕ್ಷ್ಮದರ್ಶಕಕ್ಕೆ ಮಾತ್ರ ಕಂಡರೆ ಆರ್1 (ವರದಿಯ ‘ಅಂಚು ಪಾಸಿಟಿವ್’ ಸಾಮಾನ್ಯವಾಗಿ ಇದೇ), ಬರಿಗಣ್ಣಿಗೇ ಗಡ್ಡೆ ಉಳಿದಿದ್ದರೆ ಆರ್2 ಎನ್ನುತ್ತಾರೆ. ಆರ್1 ಆದವರಲ್ಲಿ ರೋಗ ಮರುಕಳಿಸುವುದು ಹೆಚ್ಚು, ಬದುಕುಳಿಯುವ ಅವಧಿ ಕಡಿಮೆ ಎಂಬುದು ನಿಜ. ಆದರೆ ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ರೋಗ ಬಹಳವಾಗಿ ಹರಡಿದ್ದರೆ ಮುಂದಿನ ಗತಿಯನ್ನು ಅಂಚಿಗಿಂತ ಆ ಹರಡುವಿಕೆಯೇ ಹೆಚ್ಚಾಗಿ ನಿರ್ಧರಿಸುತ್ತದೆ. ಗ್ರಂಥಿಗಳಲ್ಲಿ ರೋಗ ಇಲ್ಲದವರಲ್ಲಿ ಅಥವಾ ಅಲ್ಪವಿದ್ದವರಲ್ಲೇ ಅಂಚಿನ ಪರಿಣಾಮ ಎದ್ದು ಕಾಣುತ್ತದೆ.

ಆಳಕ್ಕಿಳಿದ ಗಡ್ಡೆಯ ಗಡಿ ಸ್ಪಷ್ಟವಾಗಿದ್ದರೆ ಕನಿಷ್ಠ 3 ಸೆಂ.ಮೀ., ಒಳಗೊಳಗೇ ಹಬ್ಬುವ ಬಗೆಯಾದರೆ 5 ಸೆಂ.ಮೀ.ನಷ್ಟು ಗಡ್ಡೆಯ ಮೇಲ್ಬದಿಯ ಆರೋಗ್ಯಕರ ಭಾಗವನ್ನೂ ಸೇರಿಸಿ ಕತ್ತರಿಸಬೇಕೆಂದು ಜಪಾನಿನ ಮಾರ್ಗಸೂಚಿ ಹೇಳುತ್ತದೆ. ಈ ಎರಡನೆಯ ಬಗೆಯಲ್ಲಿ ಕೋಶಗಳು ಒಂದೊಂದಾಗಿ ಒಳಪೊರೆಯ ಕೆಳಗೆ ಹರಿದಾಡುವುದರಿಂದ ಮೇಲೆ ಎಲ್ಲವೂ ಸರಿಯಾಗಿಯೇ ಕಾಣಬಹುದು, ಶಸ್ತ್ರಚಿಕಿತ್ಸೆಯ ನಡುವೆಯೇ ಅಂಚಿನ ತುಣುಕನ್ನು ಹೆಪ್ಪುಗಟ್ಟಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವ ಫ್ರೋಜನ್ ಸೆಕ್ಷನ್ ಪರೀಕ್ಷೆಯೂ ಕೆಲವೊಮ್ಮೆ ಅವನ್ನು ಹಿಡಿಯಲಾರದು. ಆದ್ದರಿಂದ ಅಂಚು ಪಾಸಿಟಿವ್ ಬಂದ ಮಾತ್ರಕ್ಕೆ ವೈದ್ಯರ ಅಜಾಗ್ರತೆಯೆಂದು ತೀರ್ಮಾನಿಸುವುದು ಸರಿಯಲ್ಲ.

ವರದಿಯಲ್ಲಿ ಎಷ್ಟು ಗ್ರಂಥಿಗಳನ್ನು ಪರೀಕ್ಷಿಸಿದ್ದಾರೆ (ಕನಿಷ್ಠ 16 ಇರಬೇಕು), ಅವುಗಳಲ್ಲಿ ಎಷ್ಟರಲ್ಲಿ ರೋಗವಿದೆ ಎಂಬುದನ್ನು ದಯವಿಟ್ಟು ನೋಡಿ. ಗ್ರಂಥಿಗಳಲ್ಲಿ ರೋಗ ಇಲ್ಲದಿದ್ದರೆ ಅಥವಾ ಅಲ್ಪವಿದ್ದು, ರೋಗಿಗೆ ತ್ರಾಣವಿದ್ದರೆ ಮರುಶಸ್ತ್ರಚಿಕಿತ್ಸೆಯನ್ನು ಪರಿಗಣಿಸಬಹುದು. ಉಳಿದವರಿಗೆ ಕೀಮೋಥೆರಪಿ, ಕೆಲವರಿಗೆ ಅದರೊಂದಿಗೆ ವಿಕಿರಣ ಚಿಕಿತ್ಸೆ ಇರುತ್ತದೆ. ಎರಡನೆಯ ಅಭಿಪ್ರಾಯಕ್ಕೆಂದು ಬೆಂಗಳೂರಿಗೋ ಹೈದರಾಬಾದಿಗೋ ಹೊರಟರೆ ವರದಿಯ ಕಾಗದವಷ್ಟೇ ಸಾಲದು, ಪ್ರಯೋಗಾಲಯದಿಂದ ಸ್ಲೈಡುಗಳನ್ನೂ ಅಂಗಾಂಶವನ್ನು ಹುದುಗಿಸಿಟ್ಟ ಮೇಣದ ಬ್ಲಾಕುಗಳನ್ನೂ ಕೇಳಿ ಪಡೆದುಕೊಂಡು ಹೋಗಿ.