ಆಜ್ಞೆಗೂ ಮೊದಲು ಬಿಡುಗಡೆ

ಬೈಬಲಿನಲ್ಲಿ ದೇವರು ಕೊಟ್ಟ ಹತ್ತು ಆಜ್ಞೆಗಳನ್ನು, ಅಂದರೆ ದಶಾಜ್ಞೆಗಳನ್ನು, ಹೊತ್ತವನು ಸ್ವತಂತ್ರನಾಗುವುದು ಹೇಗೆ, ಕ್ರೈಸ್ತರು ಹೇಳುವ ಬಿಡುಗಡೆ ಸತ್ತ ಮೇಲಿನ ಮಾತಷ್ಟೇ ಅಲ್ಲವೇ ಎಂದು ಮಂಗಳೂರಿನ ಓದುಗರೊಬ್ಬರು ಕೇಳಿದ್ದಾರೆ.

ಪ್ರಿಯ ಓದುಗರೇ, ನಿಮ್ಮ ಅನುಮಾನ ನಿರಾಧಾರವಲ್ಲ. ಧರ್ಮದ ಹೆಸರಿನಲ್ಲಿ ಜನರ ಬಾಯಿ ಕಟ್ಟಿದವರು ನಮ್ಮ ಕ್ರೈಸ್ತ ಸಭೆಗಳಲ್ಲೂ ಇದ್ದರು, ಇದ್ದಾರೆ. ಆದರೆ ಆಜ್ಞೆಗಳನ್ನು ಎಣಿಸುವ ಅವಸರದಲ್ಲಿ ಅವುಗಳ ಹಿಂದಿನ ಸಾಲನ್ನೇ ನೀವು ದಾಟಿಬಿಟ್ಟಿದ್ದೀರಿ. ಬೈಬಲಿನ ವಿಮೋಚನಕಾಂಡದ 20ನೆಯ ಅಧ್ಯಾಯದಲ್ಲಿ ದೇವರು ಇಸ್ರಾಯೇಲ್ಯರಿಗೆ ಮೊದಲು ಹೇಳುವುದು, ಐಗುಪ್ತದ (ಈಜಿಪ್ಟಿನ) ದಾಸತ್ವದಿಂದ ನಿಮ್ಮನ್ನು ಬಿಡಿಸಿ ತಂದವನು ನಾನು ಎಂದು, ಕೊಲ್ಲಬೇಡ, ಕದಿಯಬೇಡ ಎಂಬ ‘ಬೇಡ’ಗಳೆಲ್ಲ ಆಮೇಲಿನವು. ದಿನದಿನವೂ ಇಟ್ಟಿಗೆಯ ಲೆಕ್ಕ ಒಪ್ಪಿಸಿ ಬೆನ್ನು ಬಾಗಿದ್ದ ಜನಕ್ಕೆ ಏಳನೆಯ ದಿನದ ಬಿಡುವು ಹೊರೆಯಾದೀತೇ? ಆ ಬಿಡುವು ಆಳಿಗೂ ಎತ್ತಿಗೂ ಕತ್ತೆಗೂ ಸಲ್ಲಬೇಕೆಂದು ವಿಧಿಸುವ ಬೈಬಲಿನ ಇನ್ನೊಂದು ಪುಸ್ತಕ ಧರ್ಮೋಪದೇಶಕಾಂಡ, ನೀನೂ ದಾಸನಾಗಿದ್ದೆ ಎಂದು ಯಜಮಾನನಿಗೆ ನೆನಪಿಸುತ್ತದೆ.

ಅಪೊಸ್ತಲ ಪೌಲನು ಗಲಾತ್ಯದ ಕ್ರೈಸ್ತರಿಗೆ ಪತ್ರದಲ್ಲಿ ಬರೆದದ್ದೂ ಇದೇ ಜಾಡಿನಲ್ಲಿದೆ: ಸ್ವಾತಂತ್ರ್ಯಕ್ಕೆ ಕರೆಯಲ್ಪಟ್ಟವರು ಅದನ್ನು ಮನಬಂದಂತೆ ನಡೆಯಲು ನೆಪವಾಗಿಸದೆ, ಪ್ರೀತಿಯಿಂದ ಒಬ್ಬರಿಗೊಬ್ಬರು ಸೇವೆ ಮಾಡಬೇಕು. ಕ್ರೈಸ್ತನು ಯಾರ ಆಳೂ ಅಲ್ಲ, ಎಲ್ಲರ ಆಳೂ ಹೌದು ಎಂದು ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ 1520ರಲ್ಲಿ ಬರೆದರು. ಐದೇ ವರ್ಷದಲ್ಲಿ, ಜರ್ಮನಿಯ ಮೆಮ್ಮಿಂಗೆನ್‌ನಲ್ಲಿ ಸೇರಿದ ರೈತರು, ಕ್ರಿಸ್ತನು ತನ್ನ ರಕ್ತದಿಂದ ಕುರಿ ಕಾಯುವವನನ್ನೂ ದೊಡ್ಡವರನ್ನೂ ಸಮವಾಗಿ ಬಿಡಿಸಿರುವಾಗ ನಾವು ಒಡೆಯರ ಜೀತದಲ್ಲಿರುವುದೇಕೆ ಎಂದು ಕೇಳಿದಾಗ, ಅದೇ ಲೂಥರ್ ಅದು ಆತ್ಮದ ಬಿಡುಗಡೆ, ಮೈಯದ್ದಲ್ಲ ಎಂದು ಗದರಿದರು. ಅವರಿಂದ ಬಹಳ ಕಲಿತ ನಾನು ಈ ಮಾತನ್ನು ಮಾತ್ರ ಒಪ್ಪಲಾರೆ. 1807ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಇಂಡೀಸಿನ ಗುಲಾಮರಿಗೆಂದು ಅಚ್ಚಾದ ಬೈಬಲಿನಲ್ಲಿ ಐಗುಪ್ತದಿಂದ ಜನ ಹೊರಟ ಕಥೆಯನ್ನೇ ಕೈಬಿಟ್ಟಿದ್ದರು. ಸತ್ತ ಮೇಲಿನ ಬಿಡುಗಡೆಯ ಕಥೆಯಾಗಿದ್ದರೆ ಒಡೆಯರು ಅದಕ್ಕೆ ಅಷ್ಟೊಂದು ಅಂಜುತ್ತಿದ್ದರೇ?

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಒಂದು ಭಾನುವಾರ ಪರಿಚಿತರ ಮನೆಯ ಕುಟುಂಬ ಪ್ರಾರ್ಥನೆಯಲ್ಲಿ ಸಬ್ಬತ್ ದಿನದ, ಅಂದರೆ ಆ ಏಳನೆಯ ದಿನದ ಬಿಡುವಿನ, ಆಜ್ಞೆಯನ್ನು ಓದುವ ಸರದಿ ನನ್ನದಾಯಿತು. ದಾಸದಾಸಿಯರೂ ವಿಶ್ರಮಿಸಿಕೊಳ್ಳಲಿ ಎಂಬಲ್ಲಿಗೆ ಬಂದಾಗ ಹಿತ್ತಿಲಲ್ಲಿ ತೆಂಗಿನ ನಾರಿನಿಂದ ಪಾತ್ರೆ ಉಜ್ಜುವ ಸದ್ದು ಕೇಳುತ್ತಿತ್ತು. ನೆಂಟರು ಬರುವ ದಿನವಾದ್ದರಿಂದ ಆ ಹುಡುಗಿಗೆ ಭಾನುವಾರವೇ ಕೆಲಸ ಇಮ್ಮಡಿ. ಆಕೆಯನ್ನು ಒಳಗೆ ಕರೆಯಿರಿ ಎನ್ನಲು ನನಗೆ ಬಾಯಿ ಬರಲಿಲ್ಲ; ಅದು ಇಂದಿಗೂ ಚುಚ್ಚುತ್ತದೆ. ಬಿಡುಗಡೆಯ ಕುರಿತ ಉಪದೇಶಗಳಿಗೆ ನಮ್ಮಲ್ಲಿ ಬರವಿಲ್ಲ, ಮನೆಗೆಲಸದವರ ವಾರದ ರಜೆ ಮಾತ್ರ ಯಾವುದರಲ್ಲೂ ನನ್ನ ಕಿವಿಗೆ ಬಿದ್ದಿಲ್ಲ. ನಿಮ್ಮ ಪ್ರಶ್ನೆಯನ್ನು ಬರುವ ಭಾನುವಾರ ನಿಮ್ಮ ಸಭಾಪಾಲಕರ ಮುಂದೆಯೂ ಇಡಿ, ನಾನು ನಮ್ಮವರ ಮುಂದೆ ಇಡುತ್ತೇನೆ.