ಚಿಂತಾಮಣಿಯ ಸಂಸದರು ಯಾರು, ಕೆಲಸ ಅಳೆಯುವುದು ಹೇಗೆ?

ನಿಮ್ಮ ಊರು ಚಿಂತಾಮಣಿ, ಜಿಲ್ಲೆ ಚಿಕ್ಕಬಳ್ಳಾಪುರ, ಆದರೆ ಸಂಸದರು ಕೋಲಾರದವರು ಯಾಕೆ ಅಂತ ಕೇಳಿದ್ದೀರಿ. ಚಿಂತಾಮಣಿ, ಶಿಡ್ಲಘಟ್ಟ ಎರಡೂ ಕೋಲಾರ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ, ಅಷ್ಟೇ. 2024ರಲ್ಲಿ ಇಲ್ಲಿ ಗೆದ್ದವರು ಜೆಡಿಎಸ್‌ನ ಮಲ್ಲೇಶ್ ಬಾಬು.

ಹಾಜರಾತಿ ಮತ್ತು ಪ್ರಶ್ನೆಗಳ ಲೆಕ್ಕ ಲೋಕಸಭೆಯ ವೆಬ್‌ಸೈಟಿನಲ್ಲೇ ಸಿಗುತ್ತದೆ. ಆದರೆ ಆ ಸಂಖ್ಯೆಗಳನ್ನು ಹಿಡಿದು ಹಳಬರನ್ನೂ ಹೊಸಬರನ್ನೂ ಹೋಲಿಸಬೇಡಿ. ಕೆ.ಎಚ್. ಮುನಿಯಪ್ಪ ಇದೇ ಕೋಲಾರ ಕ್ಷೇತ್ರದಲ್ಲಿ 1991ರಿಂದ ಸತತ ಏಳು ಸಲ ಗೆದ್ದವರು, ಅದರಲ್ಲಿ 2004ರಿಂದ 2014ರವರೆಗೆ ಕೇಂದ್ರದಲ್ಲಿ ರಾಜ್ಯ ಸಚಿವರು. ಸಚಿವರು ಸದನದಲ್ಲಿ ಪ್ರಶ್ನೆ ಕೇಳುವುದಿಲ್ಲ, ಉತ್ತರ ಕೊಡುತ್ತಾರೆ. ಹಾಜರಿ ಪುಸ್ತಕಕ್ಕೂ ಸಹಿ ಹಾಕುವುದಿಲ್ಲ. ಸೊನ್ನೆ ನೋಡಿ ಸುಮ್ನೆ ಬೈಯುವುದು ನ್ಯಾಯವಲ್ಲ, ಅಲ್ವಾ? ಅವರನ್ನು ಕೇಳಬೇಕಾದ ಪ್ರಶ್ನೆಯೇ ಬೇರೆ. ಶ್ರೀನಿವಾಸಪುರಕ್ಕೆ ಘೋಷಣೆಯಾದ ರೈಲ್ವೆ ಕೋಚ್ ಕಾರ್ಖಾನೆ ಯಾಕೆ ಬರಲಿಲ್ಲ? ಇದನ್ನು ನಂತರ ಬಂದವರಿಗೂ ಕೇಳಲೇಬೇಕು. ನಮ್ಮ ಹುಡುಗರು ಇವತ್ತಿಗೂ ಕೆಲಸಕ್ಕೆ ಬೆಂಗಳೂರಿನ ರೈಲು ಹತ್ತುತ್ತಿದ್ದಾರೆ.

ಇನ್ನು ಸಂಸದರ ನಿಧಿ. ವರ್ಷಕ್ಕೆ 5 ಕೋಟಿ. ದುಡ್ಡು ಅವರ ಕೈಗೆ ಬರುವುದಿಲ್ಲ. ಅವರು ಕೆಲಸ ಸೂಚಿಸುತ್ತಾರೆ, ಮಂಜೂರು ಮಾಡಿ ಮಾಡಿಸುವುದು ಜಿಲ್ಲಾಡಳಿತ. ಹಾಗಾಗಿ ಸಮುದಾಯ ಭವನ ಅರ್ಧಕ್ಕೆ ನಿಂತಿದ್ದರೆ ತಪ್ಪು ಯಾರದ್ದು ಅಂತ ಮೊದಲು ನೋಡಬೇಕು. ಕೋವಿಡ್ ಕಾಲದಲ್ಲಿ, 2020ರ ಏಪ್ರಿಲ್‌ನಿಂದ ಈ ನಿಧಿಯನ್ನು ನಿಲ್ಲಿಸಿದ್ದರು ಎಂಬುದೂ ನೆನಪಿರಲಿ.

ನಿಮ್ಮ ಊರಿನ ಲೆಕ್ಕ ಬೇಕಿದ್ದರೆ ಡಿಸಿ ಕಚೇರಿಗೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ. ಊರಿನ ಹೆಸರು, ಯಾವ ವರ್ಷ ಅನ್ನುವುದನ್ನು ಸ್ಪಷ್ಟವಾಗಿ ಬರೆಯಿರಿ. 30 ದಿನದಲ್ಲಿ ಉತ್ತರ ಕೊಡಬೇಕು.